ಚಳ್ಳಕೆರೆಯ 40, ಮಂಗಳೂರಿನ 33: ಯಾವ ಬಿಸಿಲಲ್ಲಿ ಹೇಗೆ ಆಡಬೇಕು?

ಬೇಸಿಗೆ ರಜೆ ಅಂದ್ರೆ ಊರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹುಡುಗರನ್ನು ಕೇಳಿ ನೋಡಿ, "40 ಡಿಗ್ರಿ ಇದ್ರೂ ಆಡ್ತೀವಿ, ಬೆವರೇ ಬರಲ್ಲ" ಅಂತಾರೆ. ಅದೇ ಹುಡುಗ ಮಂಗಳೂರಿನಲ್ಲಿ 33 ಡಿಗ್ರಿಗೆ ಎರಡು ಓವರ್ ಹಾಕುವಷ್ಟರಲ್ಲಿ ತೊಯ್ದು ತೊಪ್ಪೆ! ಹಾಗಾದ್ರೆ ಚಳ್ಳಕೆರೆ ಬಿಸಿಲು ಸುಲಭವಾ? ಅಲ್ಲ. ಎರಡೂ ಕಡೆ ಅಪಾಯ ಇದೆ, ಆದರೆ ಬೇರೆ ಬೇರೆ ರೀತಿಯದು.

ಬೆವರಿನ ಲೆಕ್ಕ

ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಶಾಖ ಮೈಯಿಂದ ಗಾಳಿಗೆ ಹೋಗಲ್ಲ, ಗಾಳಿಯಿಂದಲೇ ಮೈಗೆ ಬರುತ್ತೆ. ಆಗ ಉಳಿಯುವ ದಾರಿ ಒಂದೇ: ಬೆವರು ಆವಿಯಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತೆ. ಅದು ಒಂದು ಗಂಟೆಯಲ್ಲಿ ಆದರೆ ಹತ್ತಿರ ಹತ್ತಿರ 670 ವ್ಯಾಟ್ ಕೂಲಿಂಗ್. ಆದರೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನ ಲೆಕ್ಕ ಸೊನ್ನೆ.

ಆವಿಯಾಗುವಿಕೆಯಿಂದ ಎಷ್ಟು ತಂಪಾಗಬಹುದು ಅನ್ನುವ ಮಿತಿಯನ್ನು ಹೇಳೋದು 'ವೆಟ್ ಬಲ್ಬ್' ಉಷ್ಣಾಂಶ. 40 ಡಿಗ್ರಿ, ಶೇ. 20 ತೇವಾಂಶ ಇದ್ದರೆ ಅದು ಸುಮಾರು 23. 33 ಡಿಗ್ರಿ, ಶೇ. 75 ತೇವಾಂಶ ಇದ್ದರೆ ಸುಮಾರು 29. ಮಣ್ಣಿನ ಗಡಿಗೆಯ ನೀರು ಬಯಲುಸೀಮೆಯಲ್ಲಿ ತಣ್ಣಗಾಗುವಷ್ಟು ಕರಾವಳಿಯಲ್ಲಿ ಆಗದಿರುವುದಕ್ಕೂ ಇದೇ ಕಾರಣ.

ಒಣ ಬಿಸಿಲು: ಕಾಣದ ನಷ್ಟ

ಚಳ್ಳಕೆರೆ, ಮೊಳಕಾಲ್ಮೂರು ಪಶ್ಚಿಮ ಘಟ್ಟದ ಮಳೆ ನೆರಳಿನ ತಾಲ್ಲೂಕುಗಳು. ಅಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತೆ. ಅಂಗಿ ಒಣಗೇ ಇರುತ್ತೆ, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ. 'ಬೆವರೇ ಬರಲ್ಲ' ಅನ್ನುವ ಮಾತಿನ ಅಪಾಯ ಇದೇ: ಮೈಯಿಂದ ನೀರು ಹೋಗ್ತಾ ಇರೋದು ಗೊತ್ತೇ ಆಗಲ್ಲ.

ಗೊತ್ತುಮಾಡಿಕೊಳ್ಳೋಕೆ ಸುಲಭ ದಾರಿ ತೂಕದ ಯಂತ್ರ. ಮ್ಯಾಚಿಗೆ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದಿದ್ದರೆ ನೀವು ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚು ಕಳೆದುಕೊಂಡಿದ್ದೀರಿ ಅಂತ ಅರ್ಥ. 60 ಕೆ.ಜಿ.ಯವರಿಗೆ 1.2 ಕೆ.ಜಿ. ಇಳಿದರೆ ಅದು ಶೇ. 2, ಆಟ ಸೊರಗೋಕೆ ಅಷ್ಟು ಸಾಕು. ಮಜ್ಜಿಗೆ, ಅಂಬಲಿ, ಓಆರ್‌ಎಸ್ ಆಗಾಗ ಕುಡಿಯಿರಿ. ಉಪ್ಪೂ ವಾಪಸ್ ಬರಬೇಕು. ತಲೆಗೆ, ಕತ್ತಿಗೆ ಒದ್ದೆ ಟವೆಲ್ ಹಾಕಿಕೊಳ್ಳಿ. ಒಣ ಗಾಳಿಯಲ್ಲಿ ಅದು ನಿಮ್ಮ ಬೆವರನ್ನು ಉಳಿಸುವ ಪುಕ್ಕಟೆ ಕೂಲರ್.

ವೆಟ್ ಬಲ್ಬ್ ಕಡಿಮೆ ಅಂತ ನೆರಳು ಮರೆಯಬೇಡಿ. ನೇರ ಬಿಸಿಲಿನ ಶಾಖ ಅದರಲ್ಲಿ ಸೇರಿಲ್ಲ. ಅಶೋಕನ ಶಾಸನ ನೋಡಲು ಮೊಳಕಾಲ್ಮೂರಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಕಡೆ ಹೋಗುವವರಿಗೂ ಇದು ಅನ್ವಯ. ಕಾದ ಬಂಡೆಗಳೂ ಮೈಗೆ ಶಾಖ ಬೀರುತ್ತವೆ. ಬೆಳಿಗ್ಗೆ ಬೇಗ ಹತ್ತಿ, 11 ಗಂಟೆಯೊಳಗೆ ಇಳಿದುಬಿಡಿ.

ತೇವದ ಬಿಸಿಲು: ಒಳಗೇ ಉಳಿಯುವ ಶಾಖ

ಕರಾವಳಿಯಲ್ಲಿ ಬೆವರು ಸುರಿಯುತ್ತೆ, ಆದರೆ ಬೇಗ ಆರಲ್ಲ. ನೀರೂ ಹೋಯ್ತು, ತಂಪೂ ಆಗಲಿಲ್ಲ. ಇಲ್ಲಿ ಬರೀ ನೀರು ಕುಡಿದರೆ ಸಾಲದು, ಶಾಖ ಹುಟ್ಟೋದನ್ನೇ ಕಡಿಮೆ ಮಾಡಬೇಕು: ಚಿಕ್ಕ ಸ್ಪೆಲ್, ಪದೇ ಪದೇ ಬ್ರೇಕ್, ಗಾಳಿ ಆಡುವ ನೆರಳು, ತೆಳು ಬಟ್ಟೆ. ಒದ್ದೆ ಟವೆಲ್ ಅಷ್ಟು ಕೆಲಸ ಮಾಡಲ್ಲ. ಐಸ್ ಸುತ್ತಿದ ಟವೆಲ್ ಮಾಡುತ್ತೆ.

ಬಯಲುಸೀಮೆಯಿಂದ ಕರಾವಳಿಯ ಹಾಸ್ಟೆಲಿಗೆ ಬಂದವರು ಮೊದಲ ದಿನವೇ ಪೂರ್ತಿ ಮ್ಯಾಚ್ ಆಡಬೇಡಿ. ದೇಹ ಹೊಂದಿಕೊಳ್ಳೋಕೆ 10ರಿಂದ 14 ದಿನ ಬೇಕು. ದಿನಾ ಸ್ವಲ್ಪ ಸ್ವಲ್ಪ ಸಮಯ ಜಾಸ್ತಿ ಮಾಡ್ತಾ ಹೋಗಿ.

ಎರಡೂ ಕಡೆ ನೆನಪಿಡಿ

ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಆಟ ನಿಲ್ಲಿಸಿ ನೆರಳಿಗೆ ಬನ್ನಿ. ಜೊತೆಗಾರ ತೊದಲಿದರೆ, ಅಸಂಬದ್ಧ ಮಾತಾಡಿದರೆ ಅಥವಾ ಕುಸಿದುಬಿದ್ದರೆ ಹೀಟ್ ಸ್ಟ್ರೋಕ್ ಅಂತಲೇ ತಿಳಿಯಿರಿ. ಬೆವರುತ್ತಾ ಇದ್ದರೂ ಅದು ಆಗಬಹುದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರೋವರೆಗೆ ಸುಮ್ಮನೆ ಕಾಯಬೇಡಿ: ಮೈತುಂಬಾ ತಣ್ಣೀರು ಸುರಿದು ಗಾಳಿ ಬೀಸಿ, ಕತ್ತು, ಕಂಕುಳಿಗೆ ಐಸ್ ಇಡಿ. ಪ್ರಜ್ಞೆ ಸರಿ ಇಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ.

ಟಾಸ್‌ಗೆ ಮುಂಚೆ ಫೋನಿನಲ್ಲಿ ಡಿಗ್ರಿ ನೋಡ್ತೀರಲ್ಲ, ಅದರ ಕೆಳಗಿರುವ ತೇವಾಂಶವನ್ನೂ ನೋಡಿ. ಡ್ರಿಂಕ್ಸ್ ಬ್ರೇಕ್ ಎಷ್ಟಿರಬೇಕು ಅಂತ ಎರಡೂ ತಂಡದವರು ಆಗಲೇ ಮಾತಾಡಿಕೊಂಡುಬಿಡಿ.