ಅಧ್ಯಕ್ಷತೆ, ಸ್ಥಳ, ಬೆಳಿಗ್ಗೆ 10.30

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಇದ್ದುದರಲ್ಲೇ ಚಿಕ್ಕ ಅಕ್ಷರದಲ್ಲಿ, ಫೋಟೊ ಇಲ್ಲದೆ, ಬರೆದವರ ಹೆಸರೂ ಇಲ್ಲದೆ ಅಚ್ಚಾಗುವ ಅಂಕಣ ಒಂದಿದೆ. ಒಂದು ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’, ಇನ್ನೊಂದರಲ್ಲಿ ‘ಇಂದಿನ ಕಾರ್ಯಕ್ರಮಗಳು’. ಅದರ ಅಕ್ಕಪಕ್ಕದಲ್ಲೇ ಯಾವ ಬಡಾವಣೆಯಲ್ಲಿ ಕರೆಂಟಿಲ್ಲ, ಎಲ್ಲಿ ನೀರಿಲ್ಲ, ಯಾರು ತೀರಿಕೊಂಡರು, ಎಲ್ಲಿ ಉಚಿತ ಕಣ್ಣು ತಪಾಸಣೆ ಎಂಬ ತುಣುಕುಗಳು. ಪತ್ರಿಕೋದ್ಯಮದ ಪಾಠ ಹೇಳುವವರು ಸಂಪಾದಕೀಯದ ಬಗ್ಗೆ, ತನಿಖಾ ವರದಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಈ ಮೂಲೆಯ ಬಗ್ಗೆ ಮಾತಾಡಿದ್ದು ಕಡಿಮೆ. ಆದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಕಡೆ ಪೇಪರ್ ಬಂದ ಕೂಡಲೇ ಮುಖಪುಟ ಮಗುಚಿ ಸೀದಾ ಇಲ್ಲಿಗೇ ಬರುವ ಓದುಗರು ಇಂದಿಗೂ ಇದ್ದಾರೆ. ಮಂತ್ರಿಮಂಡಲ ಉಳಿಯಿತೋ ಉರುಳಿತೋ ಆಮೇಲೆ ನೋಡಿಕೊಂಡರಾಯಿತು, ಸಂಜೆ ಯಾರ ಕಛೇರಿ ಎನ್ನುವುದು ಮೊದಲು ಗೊತ್ತಾಗಬೇಕು.

ಈ ಅಂಕಣಕ್ಕೆ ತನ್ನದೇ ವ್ಯಾಕರಣವಿದೆ. ಮೊದಲು ಸಂಸ್ಥೆಯ ಹೆಸರು, ಆಮೇಲೆ ಎರಡು ಚುಕ್ಕಿ. ನಂತರ ಕಾರ್ಯಕ್ರಮ, ಉದ್ಘಾಟನೆ, ಅಧ್ಯಕ್ಷತೆ, ಅತಿಥಿಗಳು, ಸ್ಥಳ, ವೇಳೆ. ಆರಂಭದಿಂದ ಕೊನೆಯವರೆಗೆ ಹುಡುಕಿದರೂ ಒಂದು ಕ್ರಿಯಾಪದ ಸಿಗುವುದಿಲ್ಲ. ಪುಸ್ತಕ ಬಿಡುಗಡೆಯಾಗಲಿ, ಹರಿಕಥೆಯಾಗಲಿ, ಕಾರ್ಮಿಕರ ಧರಣಿಯಾಗಲಿ ಎಲ್ಲಕ್ಕೂ ಅದೇ ಅಚ್ಚು. ಸ್ವಾಮೀಜಿಯ ಆಶೀರ್ವಚನವೂ ನಾಸ್ತಿಕ ವಿಚಾರವಾದಿಯ ಉಪನ್ಯಾಸವೂ ಒಂದರ ಕೆಳಗೊಂದು, ಒಂದೇ ಅಳತೆಯ ಅಕ್ಷರದಲ್ಲಿ ಬರುತ್ತವೆ. ಪತ್ರಿಕೆಯ ಬೇರೆ ಯಾವ ಪುಟದಲ್ಲೂ ಇಷ್ಟು ಸಮಾನತೆ ನಾನು ಕಂಡಿಲ್ಲ.

ನೋಡಲು ಸುಲಭ, ಮಾಡಲು ಕಷ್ಟ. ಸಂಘದವರು ಕೊಡುವ ಆಹ್ವಾನ ಪತ್ರಿಕೆ ನಾಲ್ಕು ಮಡಿಕೆಯದು. ಅದರಲ್ಲಿ ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಹತ್ತು ಹದಿನೈದು ಹೆಸರು. ಡೆಸ್ಕಿನಲ್ಲಿ ಕೂತ ಉಪಸಂಪಾದಕರು ಅದನ್ನು ನಾಲ್ಕು ಸಾಲಿಗೆ ಇಳಿಸಬೇಕು. ಯಾರ ಹೆಸರು ಬಿಟ್ಟರೂ ಬೆಳಿಗ್ಗೆ ಫೋನು ಖಂಡಿತ. ಅನುಭವಸ್ಥರು ಪದವಿ, ಬಿರುದು, ‘ಖ್ಯಾತ’, ‘ಹಿರಿಯ’ಗಳನ್ನೆಲ್ಲ ಮೊದಲು ಉದುರಿಸುತ್ತಾರೆ. ಮಾತಾಡುವವರ ಹೆಸರು, ವಿಷಯ, ಸ್ಥಳ, ವೇಳೆ ಈ ನಾಲ್ಕನ್ನು ಮಾತ್ರ ಕೈಬಿಡುವುದಿಲ್ಲ. ಓದುಗ ಮನೆಯಿಂದ ಹೊರಡುವುದು ಈ ನಾಲ್ಕನ್ನು ನಂಬಿಕೊಂಡು. ವೇದಿಕೆಯಲ್ಲಿ ಕೂರುವವರ ಪಟ್ಟಿ ವೇದಿಕೆಯಲ್ಲಿ ಕೂರುವವರಿಗೇ ಮುಖ್ಯ.

ಸ್ಥಳದ ವಿಷಯದಲ್ಲಿ ಬೆಂಗಳೂರು ಎಂಥವರನ್ನೂ ಬೀಳಿಸುತ್ತದೆ. ‘ಮೂರನೇ ಬ್ಲಾಕ್’ ಜಯನಗರದಲ್ಲಿದೆ, ರಾಜಾಜಿನಗರದಲ್ಲಿದೆ, ಕೋರಮಂಗಲದಲ್ಲೂ ಇದೆ. ರಾಮಮಂದಿರ, ಗಣೇಶನ ಗುಡಿ, ಅಂಬೇಡ್ಕರ್ ಭವನಗಳಿಗೆ ಲೆಕ್ಕವಿಲ್ಲ. ಮುಖ್ಯರಸ್ತೆ, ಅಡ್ಡರಸ್ತೆಗಳ ಅಂಕಿ ಅದಲುಬದಲಾದರೆ ಮುಗಿಯಿತು, ಕೇಳುಗರು ಒಂದು ಬೀದಿಯಲ್ಲಿ, ಭಾಷಣಕಾರರು ಇನ್ನೊಂದು ಬೀದಿಯಲ್ಲಿ. ‘ಬಸ್ ನಿಲ್ದಾಣದ ಎದುರು’, ‘ಅಂಚೆ ಕಚೇರಿ ಹಿಂಭಾಗ’ ಎಂಬ ಎರಡು ಪದ ಸೇರಿಸಲು ಒಳ್ಳೆಯ ಉಪಸಂಪಾದಕರು ಒಂದು ಮಾಜಿ ಶಾಸಕರ ಹೆಸರನ್ನು ಕೈಬಿಡಬಲ್ಲರು. ಅಂಥವರಿಗೆ ನನ್ನ ನಮಸ್ಕಾರ.

ಇಂಥ ಅಂಕಣ ಬೆಂಗಳೂರಿನಲ್ಲಿ ಇಷ್ಟು ಕಾಲ ತುಂಬಿಕೊಂಡು ಬಂದದ್ದಕ್ಕೆ ಕಾರಣ ಇಲ್ಲಿನ ಹಳೆಯ ಬಡಾವಣೆಗಳ ಸ್ವಭಾವ. 1898ರ ಪ್ಲೇಗು ಪೇಟೆಯನ್ನು ತತ್ತರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದವು. ಮನೆಗಳ ಹಿಂದೆಯೇ ಸಭೆಗಳೂ ಬಂದವು. ಗಾಯನ ಸಮಾಜ ಹುಟ್ಟಿದ್ದು 20ನೇ ಶತಮಾನದ ಮೊದಲ ದಶಕದಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ 1939ರಿಂದ ರಾಮನವಮಿಗೆ ಕಛೇರಿಗಳನ್ನು ನಡೆಸುತ್ತಿದೆ. 1945ರಲ್ಲಂತೂ ಬಸವನಗುಡಿಗೆ ಒಂದೇ ವರ್ಷ ಎರಡು ಸಂಸ್ಥೆ ಬಂದವು: ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ. 1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿದರು. ಅದರ ಬುಧವಾರದ ಉಪನ್ಯಾಸಗಳಿಗೆ ನ್ಯಾಷನಲ್ ಕಾಲೇಜಿಗೆ ಬಂದು ಕೂರುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ, ಪಿಂಚಣಿದಾರರೂ ಇರುತ್ತಾರೆ. ಆಮೇಲೆ ಬನಶಂಕರಿಗೆ ಸುಚಿತ್ರ ಫಿಲಂ ಸೊಸೈಟಿ, ಜೆ.ಪಿ. ನಗರಕ್ಕೆ 2004ರಲ್ಲಿ ರಂಗಶಂಕರ ನಾಟಕ ಮಂದಿರ. ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಜಾಹೀರಾತು ಕೊಡುವ ಶಕ್ತಿ ಇರಲಿಲ್ಲ. ಪುಕ್ಕಟೆ ನಾಲ್ಕು ಸಾಲೇ ಅವುಗಳ ಪ್ರಚಾರ. ನಮ್ಮ ನಗರದ ಸಂಗೀತ, ಸಾಹಿತ್ಯ, ವಿಜ್ಞಾನದ ಸಭೆಗಳಿಗೆ ಅರ್ಧ ಶತಮಾನ ಜನ ಸೇರಿಸಿದ್ದು ಬಹುಮಟ್ಟಿಗೆ ಈ ಚಿಕ್ಕ ಅಕ್ಷರವೇ.

ಸುದ್ದಿ ಸಾರುವ ಈ ಕೆಲಸ ಪತ್ರಿಕೆಗಿಂತ ಎಷ್ಟೋ ಹಳೆಯದು. ಊರಲ್ಲಿ ತಳವಾರ ತಮಟೆ ಬಡಿದು ‘ಕೇಳ್ರಪ್ಪೋ ಕೇಳಿ’ ಎಂದು ಕೂಗುತ್ತಿದ್ದ. ಡಂಗುರ, ಟಾಂ ಟಾಂ, ಸಾರೋಣ ಎಂದು ಕಡೆಗೊಂದು ಹೆಸರು. ಅದು ಪೂರ್ತಿ ಹೋಗಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಕಾನೂನಿನ ಪುಸ್ತಕ ತೆರೆಯಿರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸ್ಥಿರಾಸ್ತಿಯನ್ನು ಜಪ್ತಿ ಮಾಡಿದರೆ ಆ ಜಾಗದಲ್ಲಿ ಡಂಗುರ ಹೊಡೆಸಿಯೋ ರೂಢಿಯ ಬೇರೆ ಕ್ರಮದಿಂದಲೋ ಸಾರಬೇಕು, ಆದೇಶದ ಪ್ರತಿಯನ್ನು ಎದ್ದು ಕಾಣುವ ಕಡೆ ಅಂಟಿಸಬೇಕು. ಕನ್ನಡದ ಮೊದಲ ಪತ್ರಿಕೆಯೂ ಸಾರುವ ಕೆಲಸವನ್ನು ಮರೆತಿರಲಿಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಊರ ವರ್ತಮಾನಕ್ಕೂ ಸರ್ಕಾರದ ನಿರೂಪಗಳಿಗೂ ಜಾಗ ಕೊಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಇವತ್ತು ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ದಿನದ ಭಾಷಣಗಳಲ್ಲಿ ಪ್ರಜಾಪ್ರಭುತ್ವದ ನಾಲ್ಕನೇ ಕಂಬದ ಮಾತು ಬರುತ್ತದೆ, ಊರ ವರ್ತಮಾನದ ಮಾತು ಬರುವುದಿಲ್ಲ.

ಸಭೆ ಸಮಾರಂಭದ ಗೋಜಿಗೆ ಹೋಗದವರೂ ಓದಲೇಬೇಕಾದ ತುಣುಕು ‘ವಿದ್ಯುತ್ ವ್ಯತ್ಯಯ’. ‘66/11 ಕೆ.ವಿ. ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ’ ಎಂದು ಶುರುವಾಗುತ್ತದೆ. ಮುಂದೆ ಅಲ್ಪವಿರಾಮ ಹಾಕಿ ಹಾಕಿ ಬರೆದ ಬಡಾವಣೆಗಳ ಪಟ್ಟಿ, ಕೊನೆಗೆ ‘ಸುತ್ತಮುತ್ತಲ ಪ್ರದೇಶಗಳು’. ಈ ಸುತ್ತಮುತ್ತಲಿಗೆ ಎಲ್ಲೆ ಇಲ್ಲ. ನಮ್ಮ ಮನೆ ಅದರಲ್ಲಿ ಬಂತೋ ಇಲ್ಲವೋ ತಿಳಿಯುವುದು ಫ್ಯಾನ್ ನಿಂತಾಗ. ಹಿಟ್ಟಿನ ಗಿರಣಿಯವರು, ಜೆರಾಕ್ಸ್ ಅಂಗಡಿಯವರು, ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಇರುವ ರೋಗಿಗಳ ಕಡೆಯವರು ಈ ಪಟ್ಟಿಯನ್ನು ಪರೀಕ್ಷೆಯ ಫಲಿತಾಂಶ ನೋಡುವವರ ಹಾಗೆ ಬೆರಳಿಟ್ಟು ಓದುತ್ತಾರೆ. ಉಪಕೇಂದ್ರದ ಹೆಸರು ಇಲಾಖೆಯವರಿಗೆ ಗೊತ್ತು, ಜನರಿಗೆ ಗೊತ್ತಿರುವುದು ಬೀದಿಯ ಹೆಸರು. ಪ್ರಕಟಣೆ ಬರೆಯುವವರು ಬೀದಿಯಿಂದ ಶುರುಮಾಡಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ನೀರಿನದೂ ಇದೇ ಕಥೆ. ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ಏರಿಸಿದ ಕಾವೇರಿ ನಮ್ಮ ನಲ್ಲಿಗೆ ಬರುತ್ತಾಳೆ. 2024ರ ಅಕ್ಟೋಬರಿನಲ್ಲಿ 5ನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ಏರ್ಪಾಡಾಯಿತು. ಅಷ್ಟು ದೂರದಲ್ಲಿ ಒಂದು ಕೊಳವೆ ರಿಪೇರಿಗೆ ಬಂದರೆ ಇಲ್ಲಿ ಬಡಾವಣೆಗಟ್ಟಲೆ ಬಿಂದಿಗೆಗಳು ಸಾಲಿಗೆ ನಿಲ್ಲುತ್ತವೆ. ಮುಂಚೆ ತಿಳಿದರೆ ಹಿಂದಿನ ರಾತ್ರಿಯೇ ಡ್ರಮ್ಮು ತುಂಬಿಕೊಳ್ಳಬಹುದು. ತಿಳಿಯದಿದ್ದರೆ ಟ್ಯಾಂಕರಿನವರು ಹೇಳಿದ್ದೇ ರೇಟು.

‘ನಿಧನ’ದ ಕಾಲಂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಯಸ್ಸು, ಮಾಡುತ್ತಿದ್ದ ಕೆಲಸ, ‘ಪತ್ನಿ, ಇಬ್ಬರು ಪುತ್ರಿಯರು ಇದ್ದಾರೆ’, ಅಂತ್ಯಕ್ರಿಯೆ ಎಲ್ಲಿ, ಎಷ್ಟು ಹೊತ್ತಿಗೆ. ಅಲ್ಲಿ ಮೇಷ್ಟ್ರ ಹೆಸರು ಕಂಡು ಇಪ್ಪತ್ತು ಮೂವತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳು ಚಿತಾಗಾರಕ್ಕೆ ಬರುವುದುಂಟು. ಅದರ ಪಕ್ಕದ ವರ್ಗೀಕೃತ ಜಾಹೀರಾತುಗಳಲ್ಲಿ ವಕೀಲರ ಸಾರ್ವಜನಿಕ ಪ್ರಕಟಣೆಗಳಿರುತ್ತವೆ. ನಮ್ಮ ಕಕ್ಷಿದಾರರು ಇಂಥ ನಿವೇಶನ ಕೊಳ್ಳುತ್ತಿದ್ದಾರೆ, ತಕರಾರು ಇದ್ದವರು ಏಳು ದಿನದೊಳಗೆ ದಾಖಲೆ ಸಮೇತ ಬನ್ನಿ ಎಂಬ ಒಕ್ಕಣೆ. ಯಾರೂ ಓದುವುದಿಲ್ಲ ಅನ್ನಿಸುತ್ತದೆ. ಆದರೆ ತಮ್ಮದೇ ಸೈಟಿನ ನಂಬರು ಅಲ್ಲಿ ಅಚ್ಚಾದ ದಿನ ಅದು ಮುಖಪುಟಕ್ಕಿಂತ ದೊಡ್ಡ ಸುದ್ದಿ.

ಈಗೆಲ್ಲ ವಾಟ್ಸ್ಆ್ಯಪ್ ಇದೆಯಲ್ಲ ಎನ್ನಬಹುದು. ಇದೆ, ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ಅಪಾರ್ಟ್‌ಮೆಂಟಿಗೊಂದು, ರಸ್ತೆಗೊಂದು, ಉದ್ಯಾನದಲ್ಲಿ ವಾಕಿಂಗ್ ಮಾಡುವವರಿಗೊಂದು ಗುಂಪು. ಬೀದಿನಾಯಿ, ಕಸದ ಗಾಡಿ, ಕಳೆದುಹೋದ ಬೀಗದ ಕೈ ಎಲ್ಲವೂ ಅಲ್ಲಿ ತೀರ್ಮಾನವಾಗುತ್ತವೆ. ಆದರೆ ‘ನಾಳೆ ನೀರು ಬರುವುದಿಲ್ಲ, ಎಲ್ಲರಿಗೂ ತಿಳಿಸಿ’ ಎಂಬ ಸಂದೇಶ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತ ಹಾರುತ್ತ ಯಾವ ನಾಳೆ ಎನ್ನುವುದೇ ಗೊತ್ತಾಗುವುದಿಲ್ಲ. ಹಳೆಯ ವರ್ಷದ ಸಂದೇಶಕ್ಕೆ ಈ ವರ್ಷ ಡ್ರಮ್ಮು ತುಂಬಿಸಿಕೊಂಡವರಿದ್ದಾರೆ. ಪತ್ರಿಕೆಗೆ ಈ ತೊಂದರೆ ಇಲ್ಲ. ಪುಟದ ತಲೆಯ ಮೇಲೆ ತಾರೀಖು ಇರುತ್ತದೆ, ತಪ್ಪಾದರೆ ಕೇಳಲು ಒಂದು ವಿಳಾಸವೂ ಇರುತ್ತದೆ. ತಾರೀಖು, ಜಾಗ, ಹೇಳಿದವರ ಹೊಣೆ ಈ ಮೂರರಲ್ಲಿ ಒಂದಿಲ್ಲದಿದ್ದರೂ ಅದು ಪ್ರಕಟಣೆಯಲ್ಲ, ಗಾಳಿಸುದ್ದಿ.

ಹೊಣೆಯ ಮಾತು ಬಂದದ್ದರಿಂದ ವಾರ್ಡಿನ ವಿಷಯ ಹೇಳಲೇಬೇಕು. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು 1992ರಲ್ಲೇ ಹೇಳಿತು. ರಸ್ತೆ ಅಗೆಯುವ ಮುಂಚೆ ಬೀದಿಯವರಿಗೆ ಗೊತ್ತಾಗಲಿ ಎನ್ನುವುದು ಅದರ ಸರಳ ಫಲ ಆಗಬೇಕಿತ್ತು. 198 ವಾರ್ಡುಗಳ ಬಿಬಿಎಂಪಿಯಲ್ಲಿ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ನಗರ ಐದು ಪಾಲಿಕೆಯಾಯಿತು. ಆ ಐದು ವರ್ಷ ಕಾರ್ಪೊರೇಟರ್ ಮನೆ ಮುಂದೆ ನಿಂತು ‘ಏನ್ ಸಾಮಿ, ಮೋರಿ ಕೆಲಸ ಯಾವತ್ತು?’ ಎಂದು ಕೇಳುವ ದಾರಿಯೇ ಇರಲಿಲ್ಲ. ಕಾರ್ಪೊರೇಟರ್‌ಗಳ ಬಗ್ಗೆ ಜನ ಎಷ್ಟೇ ಆಡಿಕೊಳ್ಳಲಿ, ಬೀದಿಯ ಮಟ್ಟಿಗೆ ಅವರೇ ನಡೆದಾಡುವ ಪ್ರಕಟಣಾ ಫಲಕ.

ಇದ್ದ ಫಲಕಗಳನ್ನು ಫ್ಲೆಕ್ಸು ನುಂಗಿತು. ಹುಟ್ಟುಹಬ್ಬದ ಶುಭಾಶಯ, ಕೈಮುಗಿದ ನಾಯಕರು, ಕೆಳಗೆ ಅಂಚೆಚೀಟಿಯಷ್ಟು ಮುಖಗಳ ಸಾಲು. ಗೋಡೆ, ಮರ, ಕಂಬಗಳ ಮೇಲೆ ಅಂಟಿಸುವುದನ್ನು ತಡೆಯುವ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ 1981ರಿಂದಲೂ ಇದೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಫ್ಲೆಕ್ಸುಗಳು ರಾತ್ರೋರಾತ್ರಿ ಇಳಿದವು, ಕಾಲ ಕಳೆದಂತೆ ಒಂದೊಂದಾಗಿ ಮತ್ತೆ ಏರಿದವು. ಈ ಗದ್ದಲದಲ್ಲಿ ಪೋಲಿಯೊ ಲಸಿಕೆಯ ದಿನ, ಮತದಾರರ ಪಟ್ಟಿ ಪರಿಷ್ಕರಣೆ, ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಬಂದ್ ಎಂಬ ಕೆಲಸಕ್ಕೆ ಬರುವ ಸಂಗತಿಗಳಿಗೆ ಜಾಗವಿಲ್ಲ. ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಎಂದು ಬಸವನಗುಡಿಯ ಮಗುವಿಗೂ ಗೊತ್ತು. ಬಸ್ಸು ಯಾವ ಕಡೆ ತಿರುಗಿಸುತ್ತಾರೆ ಎನ್ನುವುದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಗುತ್ತದೆ.

ಬೇರೆ ಊರುಗಳು ಬೇರೆ ದಾರಿ ಕಂಡುಕೊಂಡಿವೆ. ಮೈಸೂರಿನಲ್ಲಿ ನಗರಕ್ಕೇ ಮೀಸಲಾದ ಪತ್ರಿಕೆಗಳು ಬೇರುಬಿಟ್ಟಿವೆ: 1978ರಲ್ಲಿ ಶುರುವಾದ ಇಂಗ್ಲಿಷ್ ಸಂಜೆಪತ್ರಿಕೆ ‘ಸ್ಟಾರ್ ಆಫ್ ಮೈಸೂರು’, ಅದೇ ಬಳಗದ ಕನ್ನಡದ ‘ಮೈಸೂರು ಮಿತ್ರ’. ಚೆನ್ನೈನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಡಾವಣೆಗೊಂದು ಪತ್ರಿಕೆ. ಮೈಲಾಪುರದ ‘ಮೈಲಾಪುರ್ ಟೈಮ್ಸ್’ 1994ರಿಂದ ವಾರಕ್ಕೊಮ್ಮೆ ಮನೆಬಾಗಿಲಿಗೆ ಪುಕ್ಕಟೆ ಬಂದು ಬಿದ್ದಿದೆ. ಖರ್ಚು ಹೊರುವುದು ಜಾಹೀರಾತು. ಆ ಪತ್ರಿಕೆ ಮಾಡವೀದಿಯಲ್ಲಿ ಕೋಲಂ ಸ್ಪರ್ಧೆಯಿಟ್ಟು, ಜನವರಿಯಲ್ಲಿ ಬಡಾವಣೆಯ ಹಬ್ಬವನ್ನೇ ನಡೆಸುವಷ್ಟು ಬೆಳೆಯಿತು. ಬಸವನಗುಡಿಗೋ ಮಲ್ಲೇಶ್ವರಕ್ಕೋ ಅಂಥದ್ದನ್ನು ಕನ್ನಡದಲ್ಲಿ ನಿಲ್ಲಿಸಲು ಓದುಗರ ಕೊರತೆ ಖಂಡಿತ ಇಲ್ಲ.

ಅಲ್ಲಿಯವರೆಗೆ ಇರುವ ನಾಲ್ಕು ಸಾಲನ್ನು ಚೆನ್ನಾಗಿ ಬಳಸಿಕೊಳ್ಳೋಣ. ನಿಮ್ಮ ಸಂಘದ ಕಾರ್ಯಕ್ರಮವನ್ನು ಪತ್ರಿಕೆಗೆ ಕಳಿಸುವುದಿದ್ದರೆ ಎರಡು ದಿನ ಮುಂಚೆ ಕಳಿಸಿ. ‘ಇಂದು’ ಅಚ್ಚಾಗುವ ಪುಟ ಸಿದ್ಧವಾಗುವುದು ನಿನ್ನೆ ಸಂಜೆಗೇ. ಆಹ್ವಾನ ಪತ್ರಿಕೆಯ ಫೋಟೊ ಬೇಡ, ಕನ್ನಡದಲ್ಲಿ ಟೈಪ್ ಮಾಡಿದ ನಾಲ್ಕು ಸಾಲು ಸಾಕು. ತಾರೀಖಿನ ಜೊತೆ ವಾರವನ್ನೂ, ಅಡ್ಡರಸ್ತೆಯ ಜೊತೆ ಬಡಾವಣೆಯ ಹೆಸರನ್ನೂ, ಗುರುತಿಗೆ ಹತ್ತಿರದ ಒಂದು ಬಸ್ ನಿಲ್ದಾಣವನ್ನೂ ಬರೆಯಿರಿ. ಪ್ರವೇಶ ಉಚಿತವೇ ಎಂದು ಹೇಳಿ. ಹತ್ತೂವರೆ ಎಂದು ಬರೆದರೆ ಹತ್ತೂವರೆಗೇ ಶುರುಮಾಡಿ. ರಂಗಶಂಕರದಲ್ಲಿ ಏಳೂವರೆಯ ನಾಟಕಕ್ಕೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಆದರೂ ಜನ ಕಡಿಮೆಯಾಗಿಲ್ಲ. ಕರೆಂಟು, ನೀರಿನ ಫಾರ್ವರ್ಡ್ ಬಂದರೆ ಹತ್ತು ಜನಕ್ಕೆ ದಾಟಿಸುವ ಮುನ್ನ ಒಂದು ಫೋನು ಮಾಡಿ ಕೇಳಿ: ಬೆಸ್ಕಾಂಗೆ 1912, ಜಲಮಂಡಳಿಗೆ 1916.