ಕೆನ್ಯಾ ಸಫಾರಿಗೆ 15 ಕೆ.ಜಿ. ಸಾಕು

ಕೆನ್ಯಾದ ಐಷಾರಾಮಿ ಸಫಾರಿಗೆ ದೊಡ್ಡ ಟ್ರಾಲಿ ಸೂಟ್‌ಕೇಸ್ ತುಂಬಿಸುತ್ತಿದ್ದೀರಾ? ಅದನ್ನು ವಾಪಸ್ ಅಟ್ಟಕ್ಕೇ ಹಾಕಿ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಸಾಯಿ ಮಾರಾಕ್ಕೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆ.ಜಿ. ಮಿತಿ, ಕ್ಯಾಮೆರಾ, ಕೈಚೀಲ ಎಲ್ಲ ಸೇರಿ, ಬ್ಯಾಗೂ ಮೆತ್ತಗಿರಬೇಕು. ಇಷ್ಟರಲ್ಲೇ ಕರಾವಳಿಯ ಮೊಂಬಾಸಾದ ಸೆಕೆಗೂ ಮಾರಾದ ಚಳಿಗೂ ಬಟ್ಟೆ ಹಿಡಿಸಬೇಕು. ಸಮಭಾಜಕದ ನಾಡಿನಲ್ಲಿ ಎಂಥ ಚಳಿ ಅನ್ನಬೇಡಿ. ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಮೇಲಿದೆ, ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6 ಡಿಗ್ರಿ ಇಳಿಯುತ್ತದೆ. ಜುಲೈ ಬೆಳಗಿನ ಆರಕ್ಕೆ ತೆರೆದ ಜೀಪಿನಲ್ಲಿ ಕಿವಿ ಮರಗಟ್ಟುತ್ತದೆ, ಹನ್ನೊಂದಕ್ಕೆ ಬೆವರು. ಹಾಗಾಗಿ ದಪ್ಪ ಕೋಟು ದಂಡ. ಹತ್ತಿಯ ಅಂಗಿ, ಮೇಲೊಂದು ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್: ಬಿಸಿಲೇರಿದಂತೆ ಒಂದೊಂದೇ ಕಳಚಬಹುದು, ಕರಾವಳಿಗೆ ಅದೇ ಅಂಗಿ ಆಗುತ್ತದೆ. ಬಣ್ಣ ಖಾಕಿಯೋ ಕಂದೋ ಇರಲಿ. ಕಡುನೀಲಿ, ಕಪ್ಪು ಬಟ್ಟೆಗೆ ತ್ಸೆ ತ್ಸೆ ನೊಣ ಮುತ್ತುತ್ತದೆ.

ಇಷ್ಟು ದುಡ್ಡು ಸುರಿದು ಹಾಕಿದ್ದನ್ನೇ ಹಾಕಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ದುಬಾರಿ ಕ್ಯಾಂಪುಗಳಲ್ಲಿ ಬೆಳಿಗ್ಗೆ ಕೊಟ್ಟ ಬಟ್ಟೆ ಒಗೆದು ಇಸ್ತ್ರಿಯಾಗಿ ಸಂಜೆಗೆ ಬರುವುದು ಮಾಮೂಲು (ಒಳಉಡುಪು ಮಾತ್ರ ಹಲವೆಡೆ ನಿಮ್ಮ ಪಾಲಿಗೇ). ಅಂದಹಾಗೆ, ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ. 2017ರಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ.