ಆಸ್ಪತ್ರೆಯ ಸಾವಿಗೆ ಅಮಾನತು ಮದ್ದಲ್ಲ

2023ರ ಅಕ್ಟೋಬರ್ ಮೊದಲ ವಾರ ಮಹಾರಾಷ್ಟ್ರದ ಮರಾಠವಾಡದಿಂದ ಒಂದರ ಹಿಂದೊಂದು ಕೆಟ್ಟ ಸುದ್ದಿಗಳು ಬಂದವು. ನಾಂದೇಡ್‌ನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 48 ಗಂಟೆಗಳಲ್ಲಿ 31 ಸಾವು. ಅದರ ಬೆನ್ನಿಗೇ ಛತ್ರಪತಿ ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಅಂದರೆ ಊರವರು ‘ಘಾಟಿ’ ಎಂದು ಕರೆಯುವ ಆಸ್ಪತ್ರೆಯಲ್ಲಿ, ಒಂದೇ ದಿನದಲ್ಲಿ 18 ಸಾವು. ನಾಂದೇಡ್‌ಗೆ ಹೋದ ಸಂಸದರೊಬ್ಬರು ಅಲ್ಲಿನ ಕೊಳಕು ಶೌಚಾಲಯವನ್ನು ಡೀನ್ ಕೈಯಿಂದಲೇ ತೊಳೆಸಿದರು. ಆ ವಿಡಿಯೊ ಊರೂರಿಗೆ ಹರಿದಾಡಿತು. ಸರ್ಕಾರಿ ಆಸ್ಪತ್ರೆಯ ಬಗ್ಗೆ ನಮ್ಮಲ್ಲಿ ಬೇರೂರಿರುವ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ರೂಪ ಸಿಗಲಾರದು: ಆಸ್ಪತ್ರೆಯಲ್ಲಿ ಜನ ಸಾಯುವುದು ಡಾಕ್ಟರುಗಳ ಅಸಡ್ಡೆಯಿಂದ, ನಾಲ್ಕು ಜನರನ್ನು ಅಮಾನತು ಮಾಡಿದರೆ ಉಳಿದವರು ಸರಿಹೋಗುತ್ತಾರೆ. ಕರ್ನಾಟಕದಲ್ಲೂ ಇದೇ ನಂಬಿಕೆ, ಇದೇ ಕ್ರಮ. ಆದರೆ ಕಳೆದ ಕೆಲವು ವರ್ಷಗಳ ದುರಂತಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಸಿಗುವ ಚಿತ್ರ ಬೇರೆ. ಬಹುಪಾಲು ಕಡೆ ಕೈಕೊಟ್ಟಿದ್ದು ಚಿಕಿತ್ಸೆಯಲ್ಲ, ಆಡಳಿತ. ಸರಬರಾಜು, ದುರಸ್ತಿ, ಜಾಗ, ಸಿಬ್ಬಂದಿ, ಗುಣಮಟ್ಟದ ಪರೀಕ್ಷೆ, ಇವುಗಳ ಪೈಕಿ ಒಂದಲ್ಲ ಒಂದು ಕೊಂಡಿ ಕಳಚಿತ್ತು.

ಮೊದಲು ಘಾಟಿಯ ಆ 18 ಎಂಬ ಸಂಖ್ಯೆಯನ್ನೇ ನೋಡೋಣ. ಘಾಟಿ ಸಣ್ಣ ಆಸ್ಪತ್ರೆಯಲ್ಲ. ಮಂಜೂರಾದ ಹಾಸಿಗೆಗಳೇ 1177. ಸುತ್ತಲಿನ ಹಲವು ಜಿಲ್ಲೆಗಳಿಂದ, ತಾಲ್ಲೂಕು ಆಸ್ಪತ್ರೆಗಳು ಕೈಚೆಲ್ಲಿದ ರೋಗಿಗಳು, ಹಣ ಮುಗಿದ ಮೇಲೆ ಖಾಸಗಿಯವರು ಕಳಿಸಿಕೊಟ್ಟ ರೋಗಿಗಳು, ಅಪಘಾತಕ್ಕೆ ಸಿಕ್ಕವರು, ವಿಷ ಕುಡಿದವರು, ಏಳನೇ ತಿಂಗಳಿಗೇ ಹುಟ್ಟಿದ ಶಿಶುಗಳು ಕೊನೆಗೆ ಬಂದು ಸೇರುವುದು ಅಲ್ಲಿಗೇ. ಇಂಥ ಆಸ್ಪತ್ರೆಯಲ್ಲಿ ಸಾವಿಲ್ಲದ ದಿನ ಇರುವುದಿಲ್ಲ. ಆದ್ದರಿಂದ ಒಂದು ದಿನದ ಲೆಕ್ಕ ಕೇಳಿದೊಡನೆ ಕೇಳಬೇಕಾದ ಪ್ರಶ್ನೆಗಳಿವೆ: ದಾಖಲಾದವರು ಎಷ್ಟು ಜನ, ಯಾವ ಸ್ಥಿತಿಯಲ್ಲಿ ಬಂದರು, ಬಂದು ಎಷ್ಟು ಹೊತ್ತಿಗೆ ತೀರಿಕೊಂಡರು, ಅವರಲ್ಲಿ ಉಳಿಯಬಹುದಾಗಿದ್ದವರು ಎಷ್ಟು? ‘ರೋಗಿಗಳು ಕೊನೇ ಗಳಿಗೆಯಲ್ಲಿ ಬಂದರು’ ಎನ್ನುವುದು ಅಧಿಕಾರಿಗಳು ನುಣುಚಿಕೊಳ್ಳಲು ಹೇಳುವ ನೆಪ ಎಂದು ಕೆಲವರು ಆಕ್ಷೇಪಿಸುತ್ತಾರೆ. ನೆಪವಾಗಬಲ್ಲದು, ನಿಜ. 18 ಎಂಬ ಸಂಖ್ಯೆ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲದಂತೆ ನಿರಪರಾಧಕ್ಕೂ ಸಾಕ್ಷಿಯಲ್ಲ. ಎರಡನ್ನೂ ಬೇರ್ಪಡಿಸುವುದು ಪ್ರತಿ ಸಾವಿನ ಕಾರಣವನ್ನು ದಾಖಲೆಯಿಟ್ಟು ಪರಿಶೀಲಿಸುವ ವ್ಯವಸ್ಥೆ ಮಾತ್ರ. ಅದು ಕ್ರಮಬದ್ಧವಾಗಿ ನಡೆದರೆ ‘ಕೊನೇ ಗಳಿಗೆ’ ಎಂಬ ಮಾತೇ ಪ್ರಶ್ನೆಯಾಗಿ ತಿರುಗುತ್ತದೆ: ಕೆಳಹಂತದ ಆಸ್ಪತ್ರೆ ಆ ರೋಗಿಯನ್ನು ಯಾಕೆ ಅಷ್ಟು ತಡವಾಗಿ ರೆಫರ್ ಮಾಡಿತು, ಆಂಬುಲೆನ್ಸ್ ಯಾಕೆ ಸಿಗಲಿಲ್ಲ?

ನಾಸಿಕ್‌ನ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ನಡೆದದ್ದು ಇನ್ನಷ್ಟು ಸ್ಪಷ್ಟವಾದ ಪಾಠ. ಅದು ಮಹಾನಗರ ಪಾಲಿಕೆಯ ಆಸ್ಪತ್ರೆ. 2021ರ ಏಪ್ರಿಲ್ 21ರಂದು, ಕೋವಿಡ್ ಎರಡನೇ ಅಲೆಯ ನಡುವೆ, ಹೊರಗಿದ್ದ ದ್ರವ ಆಮ್ಲಜನಕದ ಟ್ಯಾಂಕ್ ಸೋರತೊಡಗಿತು. ಆವರಣವೆಲ್ಲ ಬಿಳಿ ಹೊಗೆಯಿಂದ ಮುಚ್ಚಿಹೋಯಿತು. ಒಳಗೆ ವೆಂಟಿಲೇಟರ್ ಮೇಲೆ, ಆಮ್ಲಜನಕದ ಆಸರೆಯಲ್ಲಿ ಇದ್ದವರಲ್ಲಿ ಕನಿಷ್ಠ 22 ಮಂದಿ ಪ್ರಾಣಬಿಟ್ಟರು. ಟ್ಯಾಂಕ್ ಅಳವಡಿಸಿ ಕೆಲವೇ ವಾರಗಳಾಗಿದ್ದವು. ಆ ದಿನಗಳಲ್ಲಿ ದೇಶವೆಲ್ಲ ಆಮ್ಲಜನಕ ಸಿಗದೆ ಪರದಾಡುತ್ತಿತ್ತು. ಇಲ್ಲಿ ಆಮ್ಲಜನಕ ಇತ್ತು, ಟ್ಯಾಂಕ್ ಇತ್ತು, ಹಾಸಿಗೆ ಇತ್ತು, ಡಾಕ್ಟರುಗಳೂ ಇದ್ದರು. ‘ಯಂತ್ರ ತಂದು ಕೂರಿಸಿದರೆ ಆಸ್ಪತ್ರೆ ಸುಧಾರಿಸುತ್ತದೆ’ ಎಂಬ ನಂಬಿಕೆ ಎಷ್ಟು ಟೊಳ್ಳು ಎಂಬುದು ಇಲ್ಲೇ ಬಯಲಾಗುವುದು. ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಅದು. ಟ್ಯಾಂಕಿನಿಂದ ಹೊರಟು, ಗಾಳಿಯ ಶಾಖಕ್ಕೆ ಅನಿಲವಾಗಿ, ಒತ್ತಡ ಹದಗೊಳಿಸುವ ಕವಾಟ ದಾಟಿ, ಗೋಡೆಯೊಳಗಿನ ತಾಮ್ರದ ಕೊಳವೆಗಳಲ್ಲಿ ಹರಿದು ರೋಗಿಯ ತಲೆದೆಸೆಯ ಪಾಯಿಂಟ್ ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿ ಒಂದು ಜೋಡಣೆ ಬಿಟ್ಟರೂ ವಾರ್ಡಿನ ಎಲ್ಲ ಹಾಸಿಗೆಗಳಲ್ಲೂ ಒಟ್ಟಿಗೆ ಒತ್ತಡ ಕುಸಿಯುತ್ತದೆ. ಅದಕ್ಕಾಗಿಯೇ ಒತ್ತಡ ಇಳಿದೊಡನೆ ಕೂಗುವ ಅಲಾರಂ, ತಕ್ಷಣ ತೆರೆದುಕೊಳ್ಳುವ ಸಿಲಿಂಡರ್ ಸಾಲು, ಯಾವ ಕವಾಟ ಮುಚ್ಚಬೇಕೆಂದು ಬಲ್ಲ ತಂತ್ರಜ್ಞ ಹಗಲೂ ರಾತ್ರಿ ಇರಬೇಕು. ರೋಗಿಯ ಪಕ್ಕ ನಿಂತ ವೈದ್ಯರಿಗೆ ಎಷ್ಟೇ ಕಾಳಜಿಯಿರಲಿ, ಕೊಳವೆಯಲ್ಲಿ ಒತ್ತಡವಿಲ್ಲದಿದ್ದರೆ ಅವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ಎರಡು ವಾರ ಕಳೆಯುವ ಮೊದಲೇ, ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಅದೇ ಕಥೆ ಇನ್ನೊಂದು ಬಗೆಯಲ್ಲಿ ನಡೆಯಿತು. ಅಲ್ಲಿ ಆಮ್ಲಜನಕ ಸೋರಲಿಲ್ಲ, ಬರಿದಾಯಿತು. ಮೈಸೂರಿನಿಂದ ಬರಬೇಕಿದ್ದ ಸಿಲಿಂಡರುಗಳು ಸಮಯಕ್ಕೆ ಮುಟ್ಟಲಿಲ್ಲ. 24 ಸಾವುಗಳ ಸುದ್ದಿ ಬಂತು. ಚಾಮರಾಜನಗರ ಮತ್ತು ಮೈಸೂರು ಜಿಲ್ಲಾಡಳಿತಗಳು ಒಂದರತ್ತ ಒಂದು ಬೊಟ್ಟು ಮಾಡಿದವು, ಹೈಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಎಷ್ಟು ಸಿಲಿಂಡರ್ ಉಳಿದಿವೆ, ಎಷ್ಟು ಗಂಟೆಗೆ ಸಾಲುತ್ತವೆ, ಮುಂದಿನ ಲೋಡ್ ಯಾರು ಯಾವಾಗ ತರಬೇಕು, ಈ ಮೂರು ಸಾಲು ಪ್ರತಿ ಪಾಳಿಗೆ ಒಂದು ಪುಸ್ತಕದಲ್ಲಿ ಬರೆದು ಒಬ್ಬರು ಸಹಿ ಹಾಕಬೇಕಾದ ಕೆಲಸ. ವೈದ್ಯಶಾಸ್ತ್ರ ಇಲ್ಲಿ ಬೇಕಿಲ್ಲ. ಆದರೆ ಅದನ್ನು ಮಾಡಬೇಕಾದವರು ಯಾರೆಂಬುದು ಮೊದಲೇ ಖಚಿತವಾಗಿರಬೇಕು.

ವೈದ್ಯರ ತಪ್ಪು ಬೇರೆ, ವ್ಯವಸ್ಥೆಯ ತಪ್ಪು ಬೇರೆ ಎಂಬ ಈ ವ್ಯತ್ಯಾಸವನ್ನು ನ್ಯಾಯಾಲಯ ಬಹಳ ಹಿಂದೆಯೇ ಗುರುತಿಸಿದೆ. 1995ರಲ್ಲಿ ಲುಧಿಯಾನದ ಆಸ್ಪತ್ರೆಯೊಂದರಲ್ಲಿ ಉಸಿರಾಟದ ತೊಂದರೆಯಾದ ರೋಗಿಗೆ ಜೋಡಿಸಿದ ಆಮ್ಲಜನಕದ ಸಿಲಿಂಡರ್ ಖಾಲಿಯಿತ್ತು. ಇನ್ನೊಂದು ತರುವಷ್ಟರಲ್ಲಿ ಅವರು ತೀರಿಕೊಂಡರು. ಜೇಕಬ್ ಮ್ಯಾಥ್ಯೂ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ 2005ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಸಿಲಿಂಡರ್ ಇಲ್ಲದ್ದಕ್ಕೆ ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾಗಬಹುದು, ಆದರೆ ವೈದ್ಯರ ಮೇಲೆ ಕ್ರಿಮಿನಲ್ ನಿರ್ಲಕ್ಷ್ಯದ ಆರೋಪ ನಿಲ್ಲದು ಎಂದಿತು. ಹಾಗಾದರೆ ವೈದ್ಯರು ತಪ್ಪೇ ಮಾಡುವುದಿಲ್ಲವೇ? ಮಾಡುತ್ತಾರೆ. ಡ್ಯೂಟಿ ಬಿಟ್ಟು ಸ್ವಂತ ಕ್ಲಿನಿಕ್‌ನಲ್ಲಿ ಕೂರುವವರು, ಬಡ ರೋಗಿಯನ್ನು ಗದರಿಸಿ ಅಟ್ಟುವವರು ಇದ್ದಾರೆ. ಅವರ ಮೇಲೆ ಕ್ರಮ ಆಗಲೇಬೇಕು, ಅದಕ್ಕೆ ಕಾನೂನೂ ಇದೆ. ನನ್ನ ವಾದ ಇಷ್ಟೇ: ವ್ಯವಸ್ಥೆಯ ದೋಷಕ್ಕೆ ವ್ಯಕ್ತಿಯನ್ನು ಶಿಕ್ಷಿಸಿದಾಗ ದೋಷ ಹಾಗೇ ಉಳಿದು ಮುಂದಿನ ಸಾವಿಗೆ ಕಾದು ಕೂರುತ್ತದೆ. ಜೊತೆಗೆ, ಸಿಕ್ಕಿಬೀಳುವವರು ಸಾಮಾನ್ಯವಾಗಿ ಆ ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯರು, ನರ್ಸುಗಳು. ಕಡತವನ್ನು ತಿಂಗಳುಗಟ್ಟಲೆ ಮೇಜಿನ ಮೇಲಿಟ್ಟುಕೊಂಡವರಲ್ಲ.

ಕಡತ ಎಂದಾಗ ನಾಸಿಕ್‌ನ ಜಿಲ್ಲಾ ಸಿವಿಲ್ ಆಸ್ಪತ್ರೆ ನೆನಪಾಗುತ್ತದೆ. 2017ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿನ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ 55 ಕಂದಮ್ಮಗಳು ತೀರಿಕೊಂಡವು. ಹಲವು ಶಿಶುಗಳು ಅವಧಿಗೆ ಮುನ್ನ ಹುಟ್ಟಿದ್ದವು, ತೂಕ ಕಡಿಮೆಯಿತ್ತು, ಖಾಸಗಿ ಆಸ್ಪತ್ರೆಗಳಿಂದ ತಡವಾಗಿ ಬಂದಿದ್ದವು ಎಂದು ಆಡಳಿತ ವಿವರಣೆ ಕೊಟ್ಟಿತು. ಸುರ್ಗಾಣಾ, ಪೇಠ್‌ನಂಥ ಆದಿವಾಸಿ ತಾಲ್ಲೂಕುಗಳಿರುವ ಜಿಲ್ಲೆಯಲ್ಲಿ ಇದು ನಂಬಲಾಗದ ಮಾತೇನಲ್ಲ. ಆದರೆ ಘಟಕದಲ್ಲಿದ್ದ ಇನ್‌ಕ್ಯುಬೇಟರುಗಳು 18, ಆ ತಿಂಗಳು ದಾಖಲಾದ ಶಿಶುಗಳು ಸುಮಾರು 350. ಒಂದೊಂದರಲ್ಲಿ ಎರಡು, ಮೂರು ಕೂಸುಗಳನ್ನು ಒತ್ತೊತ್ತಾಗಿ ಮಲಗಿಸಬೇಕಾಗಿತ್ತು. ಒಂದು ಕೂಸಿನ ಸೋಂಕು ಪಕ್ಕದ ಕೂಸಿಗೆ ದಾಟಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಒಂದೂವರೆ ಕಿಲೋ ತೂಕದ ಮಗುವಿಗೆ ಸೋಂಕು ತಗುಲಿದರೆ ಡಾಕ್ಟರು ಎಷ್ಟು ಚುರುಕಾಗಿದ್ದರೂ ಸಾಲದು. ತಾಯಿ-ಮಗುವಿಗಾಗಿ ಹೊಸ ಕಟ್ಟಡ ಕಟ್ಟುವ ಯೋಜನೆ ಇತ್ತು. ಜಾಗದಲ್ಲಿದ್ದ ಮರ ಕಡಿಯಲು ಅನುಮತಿ ಸಿಗದೆ ಅದು ನಿಂತಿತ್ತು. ಮರವನ್ನೂ ಉಳಿಸಬೇಕು, ಕೂಸನ್ನೂ ಉಳಿಸಬೇಕು. ಬೇರೆ ಜಾಗ ಹುಡುಕುವುದೋ ಅನುಮತಿ ಕೊಡುವುದೋ, ಯಾವುದೋ ಒಂದು ತೀರ್ಮಾನ ಬೇಗ ಆಗಬೇಕಿತ್ತು. ಆಗಲಿಲ್ಲ.

ಇನ್ನು ಔಷಧ. ಸರ್ಕಾರಿ ಆಸ್ಪತ್ರೆಯಲ್ಲಿ ‘ಹೊರಗಿನಿಂದ ತನ್ನಿ’ ಎಂದು ಚೀಟಿ ಬರೆದುಕೊಟ್ಟಾಗ, ಮೆಡಿಕಲ್ ಶಾಪಿನೊಂದಿಗೆ ಡಾಕ್ಟರದ್ದೇನೋ ಒಳಒಪ್ಪಂದ ಇದೆ ಎಂದು ರೋಗಿಯ ಮನೆಯವರು ಅನುಮಾನಿಸುತ್ತಾರೆ. ಅಂಥ ಪ್ರಕರಣ ಇಲ್ಲವೆಂದಲ್ಲ. ಆದರೆ ಚೀಟಿಯ ಹಿಂದಿನ ದೊಡ್ಡ ಕಾರಣ ಉಗ್ರಾಣ ಖಾಲಿಯಿರುವುದು. ಮಹಾರಾಷ್ಟ್ರ 2017ರಲ್ಲಿ ಔಷಧ ಖರೀದಿಯನ್ನು ಸರ್ಕಾರಿ ಸ್ವಾಮ್ಯದ ಹಾಫ್‌ಕಿನ್ ಸಂಸ್ಥೆಗೆ ವಹಿಸಿತು. ಆಸ್ಪತ್ರೆಗಳು ಬೇಡಿಕೆ ಕಳಿಸಿ ಕಾದವು. ಟೆಂಡರ್ ತಡವಾಗಿ ಔಷಧ ಬಾರದ ದೂರುಗಳು ವರ್ಷಗಟ್ಟಲೆ ಕೇಳಿಬಂದವು. ಕೊನೆಗೆ 2023ರಲ್ಲಿ ಖರೀದಿಗೆಂದೇ ಬೇರೆ ಪ್ರಾಧಿಕಾರ ರಚಿಸುವ ಕಾಯ್ದೆ ತರಬೇಕಾಯಿತು. ಹಾಗೆಂದು ಕೇಂದ್ರೀಕೃತ ಖರೀದಿಯೇ ತಪ್ಪು ಎನ್ನುವಂತಿಲ್ಲ. 1994ರಲ್ಲಿ ಶುರುವಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮವೂ ರಾಜ್ಯಕ್ಕೆಲ್ಲ ಒಟ್ಟಿಗೇ ಖರೀದಿಸುತ್ತದೆ. ಆದರೆ ಔಷಧ ಇಳಿಯುವುದು ಜಿಲ್ಲೆಯ ಉಗ್ರಾಣದಲ್ಲಿ. ಮಾದರಿಗಳು ಪ್ರಯೋಗಾಲಯದಲ್ಲಿ ಪಾಸಾದ ಮೇಲಷ್ಟೇ ವಿತರಣೆ. ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್, ಅದರಲ್ಲಿರುವ ಮೊತ್ತದೊಳಗೆ ತನಗೆ ಬೇಕಾದ ಔಷಧ ಬೇಕಾದಾಗ ಎತ್ತುವ ಸ್ವಾತಂತ್ರ್ಯ. ಎರಡೂ ಒಂದೇ ದೇಶದ ಕಾನೂನಿನಡಿ ಇರುವ ಸರ್ಕಾರಗಳು. ಫಲ ಬೇರೆಯಾದದ್ದು ನಡೆಸುವ ರೀತಿಯಿಂದ. ಗುಣಮಟ್ಟದ ಪರೀಕ್ಷೆ ಸಡಿಲವಾದರೆ ಏನಾಗಬಹುದೆಂಬ ಭಯ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ನಮ್ಮನ್ನೇ ತಟ್ಟಿತು. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ಅವರಿಗೆ ಏರಿಸಿದ ಐವಿ ದ್ರಾವಣದ ಬಾಟಲಿಯ ಮೇಲೆ.

‘ಇದಕ್ಕೆಲ್ಲ ಪರಿಹಾರ ಖಾಸಗೀಕರಣ, ಸರ್ಕಾರದ ಕೈಯಲ್ಲಿ ಆಸ್ಪತ್ರೆ ಉದ್ಧಾರವಾಗದು’ ಎನ್ನುವವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯತ್ತ ನೋಡಬೇಕು. ಅದು ರಾಜ್ಯ ಸರ್ಕಾರದ್ದೇ, ಆದರೆ ಸ್ವಾಯತ್ತ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ ‘ಚಿಕಿತ್ಸೆ ಮೊದಲು, ಹಣ ಆಮೇಲೆ’ ಎಂಬುದು ಅಲ್ಲಿ ನಡೆಯುವ ನಿಯಮವಾಗಿತ್ತು. ಸಂಭಾಜಿನಗರದಲ್ಲೇ 1989ರಲ್ಲಿ ಯುವ ವೈದ್ಯರು ಕೂಡಿ ಕಟ್ಟಿದ ಡಾ. ಹೆಡ್ಗೇವಾರ್ ಆಸ್ಪತ್ರೆ ಸರ್ಕಾರದ್ದೂ ಅಲ್ಲ, ಲಾಭಕ್ಕಾಗಿ ನಡೆಯುವುದೂ ಅಲ್ಲ. ಅದನ್ನು ನಡೆಸುವ ಟ್ರಸ್ಟ್ 2008ರಲ್ಲಿ ನಾಸಿಕ್‌ನಲ್ಲಿ ಶ್ರೀ ಗುರುಜಿ ಆಸ್ಪತ್ರೆ ತೆರೆಯಿತು. ಮದುರೆಯ ಅರವಿಂದ್ ಕಣ್ಣಾಸ್ಪತ್ರೆ 1976ರಲ್ಲಿ ಆರಂಭವಾದಾಗ ಇದ್ದದ್ದು 11 ಹಾಸಿಗೆ. ಜಯದೇವ, ಹೆಡ್ಗೇವಾರ್, ಅರವಿಂದ್, ಈ ಮೂರರ ಒಡೆತನವೂ ಬೇರೆ. ಸಾಮಾನ್ಯವಾಗಿರುವುದು, ನಿರ್ಧಾರ ಮಾಡುವವರು ಆಸ್ಪತ್ರೆಯ ಒಳಗೇ ಇದ್ದು ದಿನವೂ ಅದರ ಫಲ ಕಾಣುತ್ತಾರೆ ಎಂಬುದು. ಸರ್ಕಾರಿ ಆಸ್ಪತ್ರೆಗಳಲ್ಲಿ ನಿರ್ಧಾರದ ಅಧಿಕಾರ ಹೇಗೆ ಹರಿದುಹಂಚಿದೆ ನೋಡಿ: ನಾಸಿಕ್‌ನ ಸಿವಿಲ್ ಆಸ್ಪತ್ರೆ ಸಾರ್ವಜನಿಕ ಆರೋಗ್ಯ ಇಲಾಖೆಗೆ, ಝಾಕಿರ್ ಹುಸೇನ್ ಆಸ್ಪತ್ರೆ ಪಾಲಿಕೆಗೆ, ಘಾಟಿ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. 2023ರ ಆಗಸ್ಟ್ 15ರಿಂದ ಮಹಾರಾಷ್ಟ್ರ ಉಚಿತ ಚಿಕಿತ್ಸೆ ಘೋಷಿಸಿದಾಗ ಅದು ಅನ್ವಯವಾದದ್ದು ಮೊದಲ ಇಲಾಖೆಯ ಆಸ್ಪತ್ರೆಗಳಿಗಷ್ಟೇ. ಹಳ್ಳಿಯಿಂದ ಬಂದ ರೋಗಿಗೆ ಈ ಭೇದ ಹೇಗೆ ಗೊತ್ತಾಗಬೇಕು?

ದುಡ್ಡಿನ ಕೊರತೆ ಸುಳ್ಳಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021–22ರಲ್ಲಿ ಅದು ಶೇ 1.84. ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ಇನ್ನೂ ಸ್ವಂತ ಜೇಬಿನಿಂದ ತೆರುತ್ತಿದ್ದರು. ಹೆಚ್ಚು ಹಣ ಬೇಕೇ ಬೇಕು. ಆದರೆ ಆ ಹಣ ಟ್ಯಾಂಕ್ ಕೊಳ್ಳಲು ಹೋಗಿ, ಟ್ಯಾಂಕ್ ಕಾಯುವ ತಂತ್ರಜ್ಞನಿಗೆ, ಖಾಲಿ ಬಿದ್ದ ನರ್ಸ್ ಹುದ್ದೆಗೆ, ಯಂತ್ರಗಳ ವಾರ್ಷಿಕ ನಿರ್ವಹಣೆಗೆ ಹೋಗದಿದ್ದರೆ ನಾಸಿಕ್‌ನ ಆ ದಿನ ಮತ್ತೆ ಬರುತ್ತದೆ.

ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ, ಮಹಾರಾಷ್ಟ್ರದಲ್ಲಿ ಅದಕ್ಕೆ ರುಗ್ಣ ಕಲ್ಯಾಣ ಸಮಿತಿ ಎನ್ನುತ್ತಾರೆ. ನಿಮ್ಮ ತಾಲ್ಲೂಕಿನ ಸಮಿತಿ ಕೊನೆಯ ಸಲ ಯಾವಾಗ ಸೇರಿತು, ಉಗ್ರಾಣದಲ್ಲಿ ಯಾವ ಔಷಧ ಎಷ್ಟು ದಿನದಿಂದ ಇಲ್ಲ, ಎಷ್ಟು ಹುದ್ದೆ ಖಾಲಿ, ಆಮ್ಲಜನಕದ ಕೊಳವೆಯನ್ನು ಕಡೆಯದಾಗಿ ಪರೀಕ್ಷಿಸಿದ್ದು ಯಾವಾಗ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ ಕೇಳಿ. ಸಾವಾದ ಮೇಲೆ ಆಸ್ಪತ್ರೆಯ ಮುಂದೆ ಧರಣಿ ಕೂರುವ ಸಂಘಟನೆಗಳು ಈ ಅರ್ಜಿಯನ್ನು ಸಾವಿಗೆ ಮೊದಲೇ ಹಾಕಲಿ.